ಚೌಡಪ್ಪ ನನ್ನ ಬಿಲ್ಲೆ ಹಿಡಿದು ಇಳಿದ ಭಾನುವಾರ

ಚಿನ್ನದ ಗಣಿಯ ಕೆಲಸಕ್ಕೆಂದು ಊರಿಗಾಂಗೆ ಬಂದ ಮೊದಲ ಬೆಳಿಗ್ಗೆ ನೆಲ ನಡುಗಿತು. ಹಲಗೆಯ ಮೇಲಿದ್ದ ಪಾತ್ರೆಗಳು ದಬದಬನೆ ಉರುಳಿದವು. ಲುಂಗಿ ಸುತ್ತಿಕೊಂಡು ಬೀದಿಗೆ ಓಡಿದರೆ ಅಲ್ಲಿ ನನ್ನ ಹಾಗೆ ಓಡಿಬಂದವರು ಯಾರೂ ಇಲ್ಲ. ಪಕ್ಕದ ಮನೆಯ ಚೌಡಪ್ಪ ಬಾಗಿಲಲ್ಲಿ ಕೂತು ಹಲ್ಲುಜ್ಜುತ್ತಿದ್ದ.

"ಒಳಕ್ಕೋಗ್ಲಾ ಸಾಮ್ವೇಲು. ಕೆಳಗೆ ಬಂಡೆ ಸಿಡೀತು, ಅಷ್ಟೇ. ನಮ್ ತಲೆ ಮ್ಯಾಲೆ ಬಿದ್ದಿಲ್ವಲ್ಲ," ಎಂದ.

ನಮ್ಮೂರು ಬೂದಿಕೋಟೆಯಲ್ಲಿರುವ ನಿಮಗೆ ನೆಲವೆಂದರೆ ಉಳುವುದಕ್ಕೆ, ಮಲಗುವುದಕ್ಕೆ. ಇಲ್ಲಿ ಅದರೊಳಗೆ ಇಳಿದು ವಾಪಸ್ಸು ಬರಬೇಕು. ಇರುವುದಕ್ಕೆ ಲೈನು, ಎಂದರೆ ಗೋಡೆಗೆ ಗೋಡೆ ಅಂಟಿಸಿ ಸಾಲಾಗಿ ಕಟ್ಟಿದ ಕೂಲಿಯವರ ಮನೆಗಳು. ಪಕ್ಕದವರು ಕೆಮ್ಮಿದರೆ ನಮಗೆ ಎಚ್ಚರ. ಚೌಡಪ್ಪನೂ ನಮ್ಮೂರವನೇ, ನನಗೆ ಕೆಲಸ ಕೊಡಿಸಿದವನೂ ಅವನೇ. ಅವನ ಹೆಂಡತಿ ನಾರಾಯಣಮ್ಮ ನನಗೆ ತಮಿಳು ಕಲಿಸಿದಳು. ನಲ್ಲಿಯ ಹತ್ತಿರ "ತಣ್ಣಿ" ಎಂದು ಕೇಳಿ ಮೊದಲ ಕೊಡ ನೀರು ತಂದ ದಿನ ನನ್ನ ಜಂಬ ಹೇಳತೀರದು.

ಊರಲ್ಲಿ ಕ್ರೈಸ್ತರ ಮನೆ ನಮ್ಮದೊಂದೇ. ಅಪ್ಪ ಬಾಗಿಲು ಹಾಕಿಕೊಂಡು ಮೆಲ್ಲಗೆ ಪ್ರಾರ್ಥಿಸುತ್ತಿದ್ದರು. ಇಲ್ಲಿ ಭಾನುವಾರ ದೇವಾಲಯದ ತುಂಬ ಜನ, ಗಂಟಲು ಬಿಟ್ಟು ಹಾಡುತ್ತಿದ್ದರು. ಅರ್ಧ ತಮಿಳು ಅರ್ಥವಾಗದಿದ್ದರೂ ನನಗೆ ಅಳು ಬರುತ್ತಿತ್ತು. ಆದರೆ ನಾನು ಗಣಿಯ ನೀರೆತ್ತುವ ಪಂಪಿನವನು, ನಮಗೆ ಭಾನುವಾರವೂ ಪಾಳಿ. ಅದಕ್ಕೇ ಚೌಡಪ್ಪನೂ ನಾನೂ ಮಾತಾಡಿಕೊಂಡೆವು: ಅವರ ಹಬ್ಬಕ್ಕೆ ಅವನ ಪಾಳಿ ನನಗೆ, ನನ್ನ ಆರಾಧನೆಗೆ ನನ್ನ ಪಾಳಿ ಅವನಿಗೆ. ಇಳಿಯುವವರು ತಂತಮ್ಮ ಹಿತ್ತಾಳೆ ಬಿಲ್ಲೆಯನ್ನು ಗಣಿಬಾಯಿಯ ಹಲಗೆಗೆ ನೇತುಹಾಕಬೇಕಿತ್ತು. ಅವನು ನನ್ನದನ್ನು ಹಾಕುತ್ತಿದ್ದ, ನಾನು ಅವನದನ್ನು. ಲೈನಿನಲ್ಲಿ ಹಲವರು ಹೀಗೇ ಮಾಡುತ್ತಿದ್ದರು, ಮೇಸ್ತ್ರಿಗೂ ಗೊತ್ತಿತ್ತು.

ಒಂದು ಭಾನುವಾರ ಪಾದ್ರಿಗಳು, ದೇಶ ಈಗ ನಮ್ಮದು, ದೇವರನ್ನು ನಂಬಿದವನು ಸರ್ಕಾರದೆದುರೂ ಸತ್ಯವಂತನಾಗಿರಬೇಕು ಎಂದು ಬೋಧಿಸಿದರು. ತಲೆದೂಗಿ ಹೊರಬಂದರೆ ಸೈರನ್ ಕೂಗುತ್ತಿತ್ತು. ಗಣಿಬಾಯಿಗೆ ಓಡಿದೆ. ಬಂಡೆ ಸಿಡಿದು ಪಂಪಿನ ಕಡೆ ಒಬ್ಬ ಸತ್ತಿದ್ದ. ಗುಮಾಸ್ತ ಹಲಗೆಯಲ್ಲಿ ಉಳಿದಿದ್ದ ಬಿಲ್ಲೆ ನೋಡಿ ನನ್ನ ಹೆಸರು ಕೂಗಿದ. ಗುಂಪಿನಲ್ಲಿದ್ದ ನಾರಾಯಣಮ್ಮ ತಿರುಗಿ, ಹಾಡಿನ ಪುಸ್ತಕ ಹಿಡಿದು ನಿಂತಿದ್ದ ನನ್ನನ್ನು ನೋಡಿದಳು. ಅಲ್ಲೇ ಕುಸಿದಳು.

ವಿಚಾರಣೆಯ ಹಿಂದಿನ ದಿನ ಮೇಸ್ತ್ರಿ ನನ್ನ ಮನೆಗೆ ಬಂದ.

"ಅವತ್ತು ನಂಗೆ ಜ್ವರ ಬಂದಿತ್ತು ಅಂತ ಒಂದ್ ಮಾತು ಏಳಪ್ಪ. ನಿನ್ ಬದ್ಲು ಚೌಡಪ್ಪನ್ನ ನಾನೇ ಕಳಿಸ್ದೆ ಅಂತೀನಿ. ಇಲ್ದಿದ್ರೆ ಕದ್ದು ಇಳಿದೋನು ಅಂತಾರೆ. ಆಯಮ್ಮಂಗೆ ಪರಿಹಾರಾನೂ ಇಲ್ಲ, ಮನೇನೂ ಇಲ್ಲ."

ನಾರಾಯಣಮ್ಮ ಎರಡು ಮಕ್ಕಳನ್ನು ಕಟ್ಟಿಕೊಂಡು ನನ್ನ ಬಾಗಿಲ ಹೊರಗೆ ಕೂತಿದ್ದಳು.

ನಾನು ಪ್ರಾರ್ಥಿಸಿದೆ. ಅವಳನ್ನು ದೇವರು ನೋಡಿಕೊಳ್ಳುತ್ತಾನೆಂದು ನಂಬಿದೆ. ಮಾರನೆಯ ದಿನ ಅಧಿಕಾರಿಯ ಮುಂದೆ ಇದ್ದದ್ದನ್ನು ಇದ್ದಂತೆ ಹೇಳಿದೆ, ಮೇಸ್ತ್ರಿಗೆ ಎಲ್ಲ ಗೊತ್ತಿತ್ತೆಂದೂ ಹೇಳಿದೆ. ವಾರ ವಾರವೂ ಬಿಲ್ಲೆಯ ಸುಳ್ಳಾಡಿ ದೇವಾಲಯಕ್ಕೆ ಹೋದವನಿಗೆ ಆ ಒಂದು ಸುಳ್ಳು ಮಾತ್ರ ಪಾಪವಾಗಿ ಕಂಡಿತು.

ಪರಿಹಾರ ಸಿಗಲಿಲ್ಲ. ಮನೆ ಬಿಡಲು ಅವಳಿಗೆ ಒಂದು ವಾರ ಕೊಟ್ಟರು. ಮೇಸ್ತ್ರಿಯ ಕೆಲಸ ಹೋಯಿತು. ತಾನಾಗಿ ಒಪ್ಪಿಕೊಂಡವನೆಂದು ನನಗೆ ಬರೀ ಎಚ್ಚರಿಕೆ. ಆಮೇಲೆ ನಂಬಿಕಸ್ಥನೆಂದು ಮೇಲಿನ ಉಗ್ರಾಣದ ಕೆಲಸಕ್ಕೆ ಹಾಕಿದರು, ಅಲ್ಲಿ ಭಾನುವಾರ ರಜೆ. ಪಾದ್ರಿಗಳು ನನ್ನನ್ನು ಎದ್ದು ನಿಲ್ಲಿಸಿ ಸಭೆಗೆ ತೋರಿಸಿದರು. ಹೇಳುವುದಕ್ಕೆ ನಾಚಿಕೆ, ನನಗೆ ಹಿಗ್ಗಾಯಿತು.

ಸ್ಟೇಷನ್ನಿಗೆ ನಾರಾಯಣಮ್ಮನ ಟ್ರಂಕು ಹೊತ್ತವನು ನಾನೇ. ರೈಲು ಬಂತು. ಹತ್ತಿ ಕೂತ ಮೇಲೆ ಕಿಟಕಿಯಿಂದ ಕೇಳಿದಳು:

"ನಿಮ್ ದೇವ್ರು ಅಷ್ಟು ದೊಡ್ಡೋನು ಅಂತೀಯಲ್ಲಣ್ಣಾ, ನಮಗೋಸ್ಕರ ಆಡೋ ಒಂದ್ ಸುಳ್ನ ಕ್ಷಮಿಸಕ್ಕೆ ಅವನ ಕೈಲಾಗ್ತಿರ್ಲಿಲ್ವಾ?"

ಈಗ ನನ್ನ ತಮಿಳು ಸರಾಗ. ಆದರೆ ನಾನು ನಲ್ಲಿಯ ಹತ್ತಿರ ಹೋದರೆ ಲೈನಿನ ಹೆಂಗಸರು ಮಾತು ನಿಲ್ಲಿಸುತ್ತಾರೆ. ಊರಿಗೆ ಬರೋಣವೆಂದರೆ ನಾರಾಯಣಮ್ಮ ಅಲ್ಲೇ ಕೂಲಿ ಮಾಡಿಕೊಂಡಿದ್ದಾಳೆ. ಎರಡು ಸಲ ಬಂಗಾರಪೇಟೆವರೆಗೆ ಬಂದು, ಬೂದಿಕೋಟೆಯ ಬಸ್ಸು ಹೊರಡುವುದನ್ನು ನೋಡಿ ಹಿಂದಿರುಗಿದೆ. ನಾನು ಕ್ಷಮೆ ಕೇಳಬೇಕಾದವಳು ಆ ಊರಲ್ಲಿದ್ದಾಳೆ. ನಾನು ಈ ಊರಲ್ಲಿ ಕೂತು ದೇವರಲ್ಲಿ ಕ್ಷಮೆ ಕೇಳುತ್ತಿದ್ದೇನೆ, ಅವನಾದರೆ ಎದುರು ಮಾತಾಡುವುದಿಲ್ಲವೆಂದು.