ತಮ್ಮನ ನಂಬರಿಗೆ ಹೋದ ಸಂದೇಶ

ಮಿಜಾರಿನ ನಮ್ಮ ಸಣ್ಣ ಆಫೀಸಿನಲ್ಲಿ ಬೆಳಗ್ಗೆ ನನ್ನ ಮೊದಲ ಕೆಲಸ ತಲುಪದ ಸಂದೇಶಗಳನ್ನು ನೋಡುವುದು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಯಾರಿಗಾದರೂ ರಕ್ತ ಬೇಕಾದರೆ ಆ ಗುಂಪಿನ ದಾನಿಗಳ ಮೊಬೈಲಿಗೆ ನಮ್ಮ ಕಂಪ್ಯೂಟರ್ ಸಂದೇಶ ಕಳಿಸುತ್ತದೆ. ಸಂದೇಶಗಳು ಸಾಲಿನಲ್ಲಿ ನಿಂತು ಒಂದೊಂದಾಗಿ ಹೊರಡುತ್ತವೆ. ಮೂರು ನಾಲ್ಕು ಸಲ ಪ್ರಯತ್ನಿಸಿಯೂ ತಲುಪದ್ದನ್ನು ಅದು ಬೇರೊಂದು ಸಾಲಿಗೆ ಹಾಕುತ್ತದೆ. ಅದರ ಹೆಸರು ಡೆಡ್ ಲೆಟರ್ ಕ್ಯೂ, ಸತ್ತ ಪತ್ರಗಳ ಸಾಲು. ಹೆಸರಿಟ್ಟವನ ಮನೆಯಲ್ಲಿ ಯಾರೂ ಸತ್ತಿರಲಿಕ್ಕಿಲ್ಲ.

ಅದನ್ನು ನೋಡಲು ಕಪ್ಪು ಪರದೆಯಲ್ಲಿ ಕಮಾಂಡ್ ಟೈಪ್ ಮಾಡಬೇಕು. ಒಂದು ಕಮಾಂಡ್ ಸಂದೇಶವನ್ನು ಸಾಲಿನಿಂದ ತೆಗೆಯದೆ ತೋರಿಸುತ್ತದೆ, ಇನ್ನೊಂದು ಮತ್ತೆ ಕಳಿಸುತ್ತದೆ, ಮತ್ತೊಂದು ಅಳಿಸುತ್ತದೆ. ಫೋನ್ ಆಫ್ ಆಗಿದ್ದರೆ ಮತ್ತೆ ಕಳಿಸುವುದು. ನಂಬರೇ ಚಾಲ್ತಿಯಲ್ಲಿಲ್ಲದಿದ್ದರೆ ಅಳಿಸಿ, ದಾನಿಗಳ ಪಟ್ಟಿಯಿಂದಲೂ ತೆಗೆಯುವುದು. ಇಷ್ಟೇ ವಿದ್ಯೆ.

ನನ್ನ ತಮ್ಮ ಸಿದ್ಧಕಟ್ಟೆಯಲ್ಲಿ ರಿಕ್ಷಾ ಓಡಿಸುತ್ತಿದ್ದ. ಅವನದು ಸುಲಭಕ್ಕೆ ಸಿಗದ ಗುಂಪಿನ ರಕ್ತ. ಸಂದೇಶ ಬಂದರೆ ಬಾಡಿಗೆ ಬಿಟ್ಟು ಓಡುತ್ತಿದ್ದ. ಕಳೆದ ವರ್ಷ ಜ್ವರ ಬಂದು ತೀರಿಕೊಂಡ. ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಸಂಜೆ ನಮ್ಮ ಕ್ರಮದಂತೆ ಹೊಸ್ತಿಲ ಹತ್ತಿರ ನಿಂತು, ಹೆಸರು ಹಿಡಿದು, ಅವನನ್ನು ಮನೆಯೊಳಗೆ ಕರೆದೆವು. ನಾನೂ ಕರೆದೆ. ಏನೂ ಅನಿಸಲಿಲ್ಲ. ನೆಂಟರೆಲ್ಲ ಅಳುವಾಗ ನಾನು ಊಟಕ್ಕೆ ಬಾಳೆಲೆ ಸಾಕಾದೀತೇ ಎಂದು ಯೋಚಿಸುತ್ತಿದ್ದೆ.

"ಒಳಗೆ ಕರೆದಾಯ್ತು ಮಗಳೇ," ಎಂದರು ಅಮ್ಮ. "ಇನ್ನು ಅವನನ್ನು ಹೊರಗಿನಿಂದ ಕರೆಯಬಾರದು."

ನನಗೋ ಹೊರಗಿನಿಂದ ಕರೆಯುವುದೇ ಉದ್ಯೋಗ. ಅವನ ನಂಬರ್ ಪಟ್ಟಿಯಲ್ಲೇ ಇತ್ತು. ಆ ಗುಂಪಿನ ರಕ್ತ ಬೇಕಾದಾಗಲೆಲ್ಲ ಅವನಿಗೂ ಸಂದೇಶ ಹೋಗುತ್ತಿತ್ತು. ನಂಬರ್ ಚಾಲ್ತಿಯಲ್ಲಿಲ್ಲ ಎಂದು ಆ ಸಾಲಿಗೆ ಬಂದು ಬೀಳುತ್ತಿತ್ತು. ನಾನು ಅಳಿಸದೆ ಮತ್ತೆ ಕಳಿಸುತ್ತಿದ್ದೆ. ಮತ್ತೆ ಬರುತ್ತಿತ್ತು.

"ಇದನ್ನು ತೆಗೆದುಬಿಡುವ ಮಾರಾಯ್ರೆ, ಸುಮ್ಮನೆ ಯಾಕೆ?" ಎಂದ ಪಕ್ಕದ ಮೇಜಿನವ.

"ನಾಳೆ ತೆಗೀತೇನೆ," ಎಂದೆ.

ಆ ನಾಳೆ ಒಂದು ಮಳೆಗಾಲ ದಾಟಿತು. ವಾಪಸು ಬರುವಷ್ಟು ಕಾಲ ಅವನ ಹೆಸರು ಕಣ್ಣೆದುರು ಬರುತ್ತದಲ್ಲ, ನನಗೆ ಅಷ್ಟೇ ಬೇಕಿತ್ತು. ದುಃಖ ಎನ್ನುವಂಥದ್ದು ಅದರಲ್ಲಿ ಇರಲಿಲ್ಲ. ಹಲ್ಲು ಕಿತ್ತ ಜಾಗಕ್ಕೆ ನಾಲಿಗೆ ಹೋಗುತ್ತದಲ್ಲ, ಹಾಗೆ.

ಮೊನ್ನೆ ಬೆಳ್ತಂಗಡಿಯ ಒಬ್ಬ ಬಾಣಂತಿಗೆ ಅದೇ ಗುಂಪಿನ ರಕ್ತ ಬೇಕಾಯಿತು. ಮರುದಿನ ಬೆಳಗ್ಗೆ ಕಮಾಂಡ್ ಹೊಡೆದರೆ ಸಾಲಿನಲ್ಲಿ ಅವನ ಸಂದೇಶ ಇಲ್ಲ. ಮತ್ತೊಮ್ಮೆ ಹೊಡೆದೆ. ಇಲ್ಲ. ಹೋದದ್ದೆಲ್ಲಿಗೆ ಎಂದು ಹುಡುಕಿದರೆ, ತಲುಪಿದೆ ಎಂದಿತ್ತು. ಫೋನ್ ಕಂಪನಿಯವರು ಅವನ ನಂಬರನ್ನು ಬೇರೆಯವರಿಗೆ ಕೊಟ್ಟಿದ್ದರು. ಉತ್ತರವೂ ಬಂದಿತ್ತು: "ನಾನು ಮುಂಡಾಜೆಯವ. ಈ ನಂಬರ್ ಹೊಸತು. ನನ್ನ ರಕ್ತ ಬೇರೆ ಗುಂಪು. ಗುರ್ತದವರಲ್ಲಿ ಕೇಳಿ ನೋಡ್ತೇನೆ."

ಒಳ್ಳೆಯ ಜನ. ಬೈಯಲಿಕ್ಕೂ ಕಾರಣ ಸಿಗಲಿಲ್ಲ. ರಕ್ತ ಸಿಕ್ಕಿತೇ ಎಂದು ಆಸ್ಪತ್ರೆಗೆ ಫೋನ್ ಮಾಡಿ ವಿಚಾರಿಸಿದೆ; ಸಿಕ್ಕಿತ್ತು. ಆಮೇಲೆ ತಮ್ಮನನ್ನು ಪಟ್ಟಿಯಿಂದ ತೆಗೆದೆ. ಕೆಲಸ ಸರಿಯಾಗಿ ಆದರೆ ಆ ಪರದೆ ಏನೂ ಹೇಳುವುದಿಲ್ಲ.

ಸಂಜೆ ಮನೆಗೆ ಬಂದು, ಹೊಸ್ತಿಲ ಹೊರಗೆ ನಿಂತೇ ಅಮ್ಮನಿಗೆ ಎಲ್ಲ ಹೇಳಿದೆ.

"ಮುಂಡಾಜೆಯಲ್ಲಿ ಎಲ್ಲಿಯಂತೆ?"

"ಕೇಳಲಿಲ್ಲ."

"ಕೇಳಬೇಕಿತ್ತು," ಎಂದರು. "ಬಾ, ಒಳಗೆ ಬಾ."

ಚಪ್ಪಲಿ ಕಳಚಲು ಬಗ್ಗಿದವಳಿಗೆ ಅಳು ಬಂತು. ಒಂದು ವರ್ಷದ್ದೆಲ್ಲ ಒಟ್ಟಿಗೇ ಬಂತು.