ಒಂದೇ ಕೈಯ ಕೆಂಪು

ನನ್ನಣ್ಣ ದರ್ಜಿ. ಒಡಹುಟ್ಟಿದವನೆಂದು ಹೊಗಳುತ್ತಿಲ್ಲ, ಕೋಟು ಹೊಲಿಯುವುದರಲ್ಲಿ ಅವನದು ಎತ್ತಿದ ಕೈ. ಬಸ್ಸು ಮಗುಚಿದಾಗ ಅದೇ ಬಲಗೈ ಹೋಯಿತು. ಎರಡು ವರ್ಷದ ನಂತರ, ತೀರಿಹೋದ ಒಬ್ಬನ ಮನೆಯವರು ಒಪ್ಪಿ ಕೊಟ್ಟ ಕೈಯನ್ನು ಡಾಕ್ಟರು ಅವನಿಗೆ ಜೋಡಿಸಿದರು. ಆ ಪುಣ್ಯಾತ್ಮರನ್ನು ನಾವು ನೆನೆಯದ ದಿನವಿಲ್ಲ.

ಮನೆಗೆ ಕಳಿಸುವಾಗ ಡಾಕ್ಟರು ಹೇಳಿದ್ದರು: “ನಿಮ್ಮ ರಕ್ತದಲ್ಲಿ ಕಾವಲಿನವರಿದ್ದಾರೆ. ಹೊರಗಿಂದ ಬಂದದ್ದು ಅಂತ ಗೊತ್ತಾದ್ರೆ ಕೈ ಮೇಲೇ ಬೀಳ್ತಾರೆ. ಮಾತ್ರೆ ಅವರನ್ನ ಸುಮ್ಮನಿರಿಸುತ್ತೆ, ಆದ್ರೂ ನಂಬೋ ಹಾಗಿಲ್ಲ. ಚರ್ಮ ಕೆಂಪಾದ್ರೆ ಅವತ್ತೇ ಬನ್ನಿ.”

ಸೂಜಿ ಹಿಡಿಯಲು ಹದಿನಾಲ್ಕು ತಿಂಗಳು ಬೇಕಾಯಿತು. ಗುಂಡಿ ತೂರಿಸಲು ಹೊಲಿದ ಮೊದಲ ಕಾಜಾ ಕಾಗೆಕಾಲಿನಂತಿತ್ತು. ನಾನು ನಕ್ಕೆ. ಅವನೂ ನಕ್ಕ, ಬಿಚ್ಚಿದ, ಮತ್ತೆ ಹಾಕಿದ. ನೂರಾರು ಸಲ ಹಾಕಿ ಬಿಚ್ಚಿದ್ದಾನೆ, ಹಟಮಾರಿ.

ಆಮೇಲೆ ಬ್ಯಾಂಡಿನವರ ಕೋಟುಗಳು ಬಂದವು. ಕಡುಗೆಂಪು ಬಟ್ಟೆ, ಮುಟ್ಟಿದರೆ ಬಣ್ಣ ಬಿಡುವಂಥದ್ದು. ಕಾಜಾ ಎಲ್ಲ ಅವನದು, ಗುಂಡಿ ನನ್ನದು. ಮೂರು ದಿನ ಇಬ್ಬರ ಕೈಯೂ ಕೆಂಪು. ಅಂಗಡಿಯಲ್ಲಿ ಕೈಗೆ ಬಣ್ಣ ಹತ್ತುವುದು ಹೊಸತೇ? ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಕೊನೆಯ ಕೋಟಿನಲ್ಲಿ ಒಂದು ಕಾಜಾ ಉಳಿದಿದ್ದಾಗ ಊಟಕ್ಕೆಂದು ನಲ್ಲಿಯ ಕೆಳಗೆ ಕೈ ತೊಳೆದೆವು. ನನ್ನ ಕೈ ಬೆಳ್ಳಗಾಯಿತು. ಅವನ ಎಡಗೈಯೂ ಆಯಿತು. ಬಲಗೈ ಮಾತ್ರ ಕೆಂಪಾಗಿಯೇ ಉಳಿಯಿತು. ಅವನು ಸೋಪು ಹಾಕಿ ಇನ್ನೂ ತಿಕ್ಕುತ್ತಿದ್ದ. ಕೆಂಪು ಮಣಿಕಟ್ಟಿನ ಹೊಲಿಗೆ ಗುರುತಿನವರೆಗೆ ಬಂದು ಅಲ್ಲೇ ನಿಂತಿತ್ತು.

“ಅಣ್ಣಾ, ತಿಕ್ಕಬೇಡ! ನಿನ್ನ ಹೊಲಿಗೆ ಎಲ್ಲಿದೆ ಅಂತ ಬಟ್ಟೆ ಬಣ್ಣಕ್ಕೆ ಹೇಗೆ ಗೊತ್ತಾಗುತ್ತೆ?”

ಅವನ ಮುಖ ಸುಣ್ಣದಂತಾಯಿತು.

“ಉಳಿದ ಕಾಜಾ ನೀನು ಮುಟ್ಟಬೇಡ,” ಎಂದ, ಆಟೋ ಹತ್ತುವಾಗಲೂ.

ಡಾಕ್ಟರು ಚೂರು ಚರ್ಮ ತೆಗೆದು ಪರೀಕ್ಷಿಸಿದರು. ಕಾವಲಿನವರು ನುಗ್ಗಿಯೇ ಬಿಟ್ಟಿದ್ದರು. “ಇನ್ನೂ ತಡ ಮಾಡಿದ್ರೆ ಕೈ ತೆಗೀಬೇಕಾಗ್ತಿತ್ತೇನೋ,” ಎಂದರು. ಮೂರು ದಿನ ನರಕ್ಕೆ ಔಷಧಿ ಏರಿಸಿದರು. ನನಗೆ ಅನ್ನ ಸೇರಲಿಲ್ಲ. ನಾಲ್ಕನೆಯ ದಿನ ಕೆಂಪು ಇಳಿಯತೊಡಗಿತು. ಆಗ ನಾನು ಅತ್ತುಬಿಟ್ಟೆ, ಅದುವರೆಗೆ ಅಳಲೂ ಧೈರ್ಯವಿರಲಿಲ್ಲ.

ಈಗ ಕತ್ತರಿ ಹಿಡಿಯುವ ಮೊದಲು ದಿನಾ ಕಿಟಕಿಯ ಬೆಳಕಿಗೆ ಎರಡೂ ಕೈ ಚಾಚಿ ನನಗೆ ತೋರಿಸಬೇಕು. ಬೇಸರಪಟ್ಟರೂ ತೋರಿಸುತ್ತಾನೆ.

ಉಳಿದ ಕಾಜಾ ಅವನೇ ಹಾಕಿದ. ಕೋಟು ಒಯ್ಯಲು ಬಂದ ಬ್ಯಾಂಡ್ ಮಾಸ್ತರರು ವಿಷಯ ಕೇಳಿ, ಒಂದೊಂದೇ ಕಾಜಾ ಸವರಿ ನೋಡಿದರು. “ಇದರಲ್ಲಿ ಹೊಸ ಕೈ ಹಾಕಿದ್ದು ಯಾವುದಮ್ಮಾ?”

ಅಣ್ಣ ತಲೆ ತಗ್ಗಿಸಿ ದಾರ ಸುತ್ತುತ್ತಿದ್ದ. ನಾನೇ ಎದೆಯುಬ್ಬಿಸಿ ಹೇಳಿದೆ: “ಎಲ್ಲವೂ.”