ಹನ್ನೊಂದು ಅಂಗಳಕ್ಕೆ ಒಂದೇ ಬ್ರಷ್ಷು

ಪಂಕ್ಚರ್ ಅಂಗಡಿಯ ನಲ್ಲಿಯ ಬಳಿ ಕೂತ ಹೆಂಗಸೊಬ್ಬರು ಹೆಬ್ಬೆರಳನ್ನು ಬೋಗುಣಿಯ ಒಳಗೋಡೆಗೆ ಒತ್ತಿ ಒಂದು ಸುತ್ತು ಎಳೆಯುತ್ತಾರೆ. ಬೆರಳು ಜಾರುತ್ತದೆ. "ಇನ್ನೂ ಇದೆ," ಎಂದು ಗೊಣಗಿ ಮತ್ತೆ ಉಜ್ಜತೊಡಗುತ್ತಾರೆ. ಎದುರಿಗೆ ಕಂದು ನಾಯಿಯೊಂದು ಮುಂಗಾಲ ಮೇಲೆ ಗದ್ದ ಊರಿ, ಊಟ ತಡವಾಗುತ್ತಿರುವುದನ್ನು ಸಹಿಸಿಕೊಂಡು ಮಲಗಿದೆ. ಬೆಳಕು ಇನ್ನೂ ಟೈರುಗಳ ರಾಶಿಯ ಮೇಲಕ್ಕೆ ಏರಿಲ್ಲ. ಎರಡನೇ ಸಲ ಬೆರಳೆಳೆದಾಗ ಬೋಗುಣಿ ಕಿರ್ ಎನ್ನುತ್ತದೆ. ಆ ಸದ್ದು ಬಂದರೆ ಲೋಳೆ ಹೋಯಿತೆಂದು ಲೆಕ್ಕ.

"ನನ್ನ ತಟ್ಟೆನ ಯಾರೂ ಹೀಗೆ ತೊಳೆದಿಲ್ಲ ಕಣಕ್ಕಾ," ಎನ್ನುತ್ತಾನೆ ಪಂಕ್ಚರ್ ಅಂಗಡಿಯವನು, ಷಟರ್ ಎತ್ತುತ್ತಾ. "ಮುಂದಿನ ಜನ್ಮ ಅಂತಿದ್ರೆ ಈ ನಾಯಿ ಹೊಟ್ಟೇಲೇ ಹುಟ್ತೀನಿ."

"ಈ ಜನ್ಮದಲ್ಲೇ ನಿನಗೂ ಅದಕ್ಕೂ ಏನು ವ್ಯತ್ಯಾಸ? ಅದು ಬೊಗಳೋದು ಸ್ವಲ್ಪ ಕಡಿಮೆ, ಅಷ್ಟೇ."

ಓಣಿಯವರಿಗೆ ಇವರು ಉಜ್ಜಕ್ಕ. ವಯಸ್ಸು ಐವತ್ತು ದಾಟಿದೆ. ಬೆರಳ ತುದಿಗಳು ಬ್ಲೀಚಿಂಗ್ ಪುಡಿಗೆ ಸುಲಿದು ಬೆಳ್ಳಗಾಗಿವೆ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ತಟ್ಟೆ ತೊಳೆಯುತ್ತಿದ್ದರು. ಅದು ಬಾಗಿಲು ಹಾಕಿದ ಮೇಲೆ ಓಣಿಯ ನಾಯಿಗಳ, ಹಿತ್ತಲಿನ ಕೋಳಿಗಳ ಬಟ್ಟಲು ತೊಳೆಯುವ ಕೆಲಸ ಹಿಡಿದರು. ಇಲ್ಲಿ ಪಾಳಿಗೆ ಹೊರಡುವ ಆತುರದಲ್ಲಿ ಹಳೆ ನೀರಿನ ಮೇಲೇ ಹೊಸ ನೀರು ಸುರಿದು ಓಡುವವರೇ ಎಲ್ಲರೂ. ಕೋಳಿ ಆ ನೀರಿನಲ್ಲೇ ಕಾಲಿಡುತ್ತದೆ, ಹಿಕ್ಕೆ ಹಾಕುತ್ತದೆ, ಅದನ್ನೇ ಕುಡಿಯುತ್ತದೆ. ಉಜ್ಜಕ್ಕ ಬರುತ್ತಿದ್ದದ್ದು ಅದಕ್ಕೆ. ದಿನಕ್ಕೆ ಹನ್ನೊಂದು ಮನೆ, ಮೂವತ್ತರ ಹತ್ತಿರ ಬಟ್ಟಲು.

ಈಗ ಉಳಿದಿರುವುದು ಈ ನಾಯಿಯದೊಂದೇ.

ಮಳೆ ನಿಂತ ವಾರ ಓಣಿಯ ಟೈಲರನ ಹಿತ್ತಲಲ್ಲಿ ಒಂದು ಹುಂಜ ಕತ್ತು ತಿರುಚಿಕೊಂಡು ಬಿತ್ತು. ಮರುದಿನ ಪಕ್ಕದ ಮನೆಯ ಹೇಟೆಗಳು ರೆಕ್ಕೆ ಜೋಲುಬಿಟ್ಟು ಮೂಲೆ ಸೇರಿದವು. ಆಮೇಲೆ ರೋಗ ಓಣಿಯುದ್ದಕ್ಕೂ, ಹಿತ್ತಲಿನಿಂದ ಹಿತ್ತಲಿಗೆ ಹರಡಿತು. ಜನ ಸತ್ತ ಕೋಳಿಗಳಿಗೆ ಗುಂಡಿ ತೋಡಿದರು. ಕೆಲವರು ಅದಕ್ಕೂ ಪುರುಸೊತ್ತಿಲ್ಲದೆ ಗೋಣಿಚೀಲಕ್ಕೆ ತುಂಬಿ ರೈಲುಹಳಿಯಾಚೆ ಎಸೆದು ಬಂದರು. ನಾಲ್ಕು ದಿನ ಗಾಳಿ ಆ ಕಡೆಯಿಂದಲೇ ಬೀಸಿತು.

ಪಶುವೈದ್ಯರು ಬಂದು ನೋಡಿದರು. ಚಪ್ಪಲಿಗೆ ಅಂಟಿ ಬಂದಿರಬಹುದು, ಕಾಗೆ ತಂದಿರಬಹುದು, ತೊಳೆಯುವ ಬ್ರಷ್ಷಿನಿಂದಲೂ ಹರಡಿರಬಹುದು ಎಂದರು. ಟೈಲರನಿಗೆ ಕಾಗೆಯ ಜೊತೆ ಜಗಳ ಆಡಲು ಆಗುತ್ತಿರಲಿಲ್ಲ. ಬ್ರಷ್ಷಿನ ಮಾತನ್ನೇ ಹಿಡಿದುಕೊಂಡ.

ಉಜ್ಜಕ್ಕನ ಬಳಿ ಇದ್ದದ್ದು ಒಂದೇ ಬ್ರಷ್ಷು. ಮರದ ಹಿಡಿಯದು, ಭಾರದ್ದು. ದಿನಾ ಮನೆಗೆ ಹೊರುವುದೇಕೆಂದು ಪಂಕ್ಚರ್ ಅಂಗಡಿಯ ನಲ್ಲಿಗೆ ನೇತುಹಾಕಿ ಹೋಗುತ್ತಿದ್ದರು. ಮನೆಯಲ್ಲಿ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಅವರದೇ ನಾಲ್ಕು ಕೋಳಿಗಳಿವೆ. ಅವುಗಳ ಬಟ್ಟಲು ಉಜ್ಜಲು ಬೇರೆ, ಸವೆದ ತೆಂಗಿನ ನಾರು. ಓಣಿಯ ಹಿತ್ತಲುಗಳೆಲ್ಲ ಬರಿದಾದಾಗ ಆ ನಾಲ್ಕಕ್ಕೆ ಏನೂ ಆಗಲಿಲ್ಲ.

"ಊರ ಕೋಳಿಯೆಲ್ಲ ಸತ್ತು ಇವಳದು ಮಾತ್ರ ಮೊಟ್ಟೆ ಇಡ್ತಾ ಇದೆ. ನಾವೇನು ಕಿವಿಗೆ ಹೂ ಇಟ್ಟುಕೊಂಡಿದ್ದೀವಾ?" ಎಂದ ಟೈಲರ್, ನಡುಬೀದಿಯಲ್ಲಿ. ಹೊಟ್ಟೆಕಿಚ್ಚಿಗೆ ಬೇಕಂತಲೇ ಮಾಡಿದಳು ಎಂಬ ಮಾತು ಸಂಜೆಯೊಳಗೆ ಓಣಿಯ ಕೊನೆ ಮುಟ್ಟಿತು.

ಆ ಬ್ರಷ್ಷು ಮುಟ್ಟದೆ ಉಳಿದ ಅದೇ ನಾಲ್ಕು ಕೋಳಿಗಳು ಉಜ್ಜಕ್ಕನಿಗೆ ಬೇರೊಂದನ್ನು ಹೇಳಿದವು. "ಬ್ರಷ್ಷೇ ಇರಬೇಕು," ಎನ್ನುತ್ತಾರೆ, ತಲೆ ಎತ್ತದೆ. "ಫಳಫಳ ಅನ್ನೋ ಹಾಗೆ ತೊಳೆದೆ. ತೊಳೆದಷ್ಟೂ ಹಂಚಿದೆ. ಆದ್ರೆ ಬೇಕಂತ ಮಾಡ್ಲಿಲ್ಲ."

ಒಂದೇ ಕೋಣೆಯಲ್ಲಿ ಜೊತೆಗಿರುವ ನಾದಿನಿ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾಳೆ. ಅವಳದು ನೇರ ಮಾತು. "ಆ ಕೋಳಿಗಳನ್ನ ಮಾರಿ ಕೈ ತೊಳ್ಕೋ ಅತ್ತಿಗೆ. ಅವು ಕೂಗಿದಾಗೆಲ್ಲ ಓಣಿಗೆ ನೆನಪಾಗುತ್ತೆ."

"ಬದುಕಿ ಉಳಿದದ್ದು ಅವುಗಳ ತಪ್ಪಾ? ಕೂಗಲಿ ಬಿಡು."

ಉಜ್ಜಕ್ಕ ಹಳೆ ಬ್ರಷ್ಷನ್ನು ಸುಟ್ಟಿದ್ದಾರೆ. ಮನೆಗೊಂದರಂತೆ ಹೊಸದು ತಂದು, ಆಯಾ ಹಿತ್ತಲಿನ ಮೊಳೆಗೇ ನೇತುಹಾಕಿ ಬರುತ್ತೇನೆಂದು ಬಾಗಿಲು ಬಾಗಿಲು ತಟ್ಟಿದ್ದಾರೆ. ಮೊದಲು ಸೋಪು, ಆಮೇಲೆ ಬ್ಲೀಚಿಂಗ್ ನೀರು, ಮತ್ತೆ ಬರೀ ನೀರು, ಕೊನೆಗೆ ಬಿಸಿಲು. ಒರೆಸುವ ಬಟ್ಟೆ ಇನ್ನು ಬೇಡವೇ ಬೇಡ ಎಂದು ಮುಚ್ಚಿದ ಬಾಗಿಲುಗಳಿಗೇ ವಿವರಿಸಿದ್ದಾರೆ. ಕಿಟಕಿಯ ಪರದೆ ಅಲುಗಾಡಿದ್ದುಂಟು. ಚಿಲಕ ಸರಿದದ್ದಿಲ್ಲ.

ಇವತ್ತು ಮಾತ್ರ ಒಬ್ಬರು ಬಂದಿದ್ದಾರೆ. ಬಸ್ ಕಂಡಕ್ಟರನ ಹೆಂಡತಿ, ಹಿಂದಿನ ಹನ್ನೊಂದರಲ್ಲಿ ಒಂದು ಮನೆಯಾಕೆ. ತಲೆಗೆ ಬಟ್ಟೆ ಸುತ್ತಿ, ಟೈರುಗಳ ಮರೆಯಲ್ಲಿ ನಿಂತು, ಟೈಲರನ ಕಿಟಕಿಯ ಕಡೆಗೇ ಕಣ್ಣಿಟ್ಟು ಮಾತನಾಡುತ್ತಾರೆ.

"ಹೊಸ ಕೋಳಿಮರಿ ತಂದಿದ್ದೀವಿ ಉಜ್ಜಕ್ಕಾ. ನನ್ನ ಬೆರಳ ಗಂಟುಗಳು ನಿನಗೆ ಗೊತ್ತಲ್ಲ, ಬಟ್ಟಲು ಹಿಡಿಯೋಕೇ ಆಗಲ್ಲ. ಎರಡು ಮರಿ ಆಗಲೇ ತೂಕಡಿಸ್ತಾ ಕೂತಿವೆ. ನಾಳೆಯಿಂದ ಬಾ."

ಉಜ್ಜಕ್ಕನ ಕೈ ನಿಲ್ಲುತ್ತದೆ. "ಬರ್ತೀನಮ್ಮ. ಬ್ರಷ್ಷು ನಿಮ್ಮನೇದೇ ಇರುತ್ತೆ. ಕಾಲೂ ತೊಳೆದೇ ಒಳಗೆ ಬರ್ತೀನಿ."

"ಹ್ಞೂಂ, ಆದ್ರೆ ಹಿಂದಿನ ಗೇಟಿಂದ ಬಾ. ಬೆಳಕು ಹರಿಯೋಕೆ ಮುಂಚೆ. ಯಾರ ಕಣ್ಣಿಗೂ ಬೀಳೋದು ಬೇಡ. ನಾನು ನಿನ್ನ ನಂಬ್ತೀನಿ, ಓಣಿ ನಂಬಬೇಕಲ್ಲ?"

ಉಜ್ಜಕ್ಕ ಬೋಗುಣಿಯನ್ನು ನಲ್ಲಿಯ ಕಟ್ಟೆಯ ಮೇಲೆ ಇಡುತ್ತಾರೆ. "ನಂಬ್ತೀನಿ ಅಂತ ಟೈಲರ್ ಎದುರಿಗೆ ಒಂದು ಮಾತು ಹೇಳ್ತೀರಾ?"

"ಅಯ್ಯೋ, ಅವನ ಬಾಯಿಗೆ ಯಾರು ಬೀಳ್ತಾರೆ?"

"ಒಪ್ಕೊಳ್ಳಕ್ಕಾ," ಎನ್ನುತ್ತಾನೆ ಪಂಕ್ಚರ್ ಅಂಗಡಿಯವನು ಒಳಗಿನಿಂದ, ಮೆಲ್ಲಗೆ. "ಒಂದು ಮನೆ ಬಂದ್ರೆ ಉಳಿದವೂ ಬರ್ತವೆ."

"ಇಷ್ಟು ವರ್ಷ ಹಗಲಲ್ಲೇ ಬಂದೆ, ಎಲ್ಲರ ಎದುರಿಗೇ," ಎನ್ನುತ್ತಾರೆ ಉಜ್ಜಕ್ಕ. "ತಪ್ಪಾಗಿದ್ರೆ ಅದೂ ಹಗಲಲ್ಲೇ ಆಗಿದೆ. ಈಗ ಕತ್ತಲಲ್ಲಿ ಹಿಂದಿನ ಗೇಟು ದಾಟಿದ್ರೆ, ಬೇಕಂತಲೇ ಮಾಡ್ದೆ ಅಂತ ನಾನೇ ಒಪ್ಕೊಂಡ ಹಾಗಾಗುತ್ತೆ."

"ಮರಿಗಳ ಮುಖ ನೋಡೇ. ನಿನಗೆ ಕೆಲಸ ಬೇಡವಾ?"

"ಬೇಕು."

"ಮತ್ತೆ? ಬರ್ತೀಯ ತಾನೇ?"

"ಬರಲ್ಲ."